ವೆಬ್‌ಕ್ಯಾಮ್ ಮನೆ ಕಾಯುವ ಬಗೆ

ಮನೆಯ ಕಾವಲಿಗೆ ವೆಬ್‌ಕ್ಯಾಮ್ ಹೂಡಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ಅದು ಕೊನೆಯಲ್ಲಿ ವಿಚಾರಿಸಬೇಕಾದ ಸಂಗತಿ. ಚಿತ್ರ ತೆಗೆಯುವುದು ಇವತ್ತು ಯಾವ ಕ್ಯಾಮೆರಾಕ್ಕೂ ದೊಡ್ಡ ಕೆಲಸವಲ್ಲ. ಸೆಕೆಂಡಿಗೆ ಹತ್ತೇ ಚಿತ್ರ ಎಂದುಕೊಂಡರೂ ದಿನಕ್ಕೆ 8,64,000 ಚಿತ್ರಗಳು ಬಂದು ಬೀಳುತ್ತವೆ. ಆ ರಾಶಿಯಲ್ಲಿ ನಿಮ್ಮನ್ನು ನಡುರಾತ್ರಿ ಎಬ್ಬಿಸಲು ಯೋಗ್ಯವಾದದ್ದು ಯಾವುದು, ಸದ್ದಿಲ್ಲದೆ ಬಿಟ್ಟುಬಿಡಬೇಕಾದದ್ದು ಯಾವುದು ಎಂದು ತೀರ್ಮಾನಿಸುವುದೇ ನಿಜವಾದ ಕಷ್ಟ. ಸ್ವತಃ ಕಟ್ಟಿಕೊಂಡ ಕಾವಲು ವ್ಯವಸ್ಥೆಗಳು ಬಹುಪಾಲು ಸೋಲುವುದು ಇಲ್ಲೇ. ಕಳ್ಳ ಕಣ್ತಪ್ಪಿಸಿ ಹೋದದ್ದಕ್ಕಿಂತ, ಕಿಟಕಿಯ ಪರದೆ ಅಲುಗಾಡಿದ್ದಕ್ಕೆಲ್ಲ ಮೊಬೈಲ್ ಕಿರುಚಿ, ಬೇಸತ್ತ ಮನೆಯವರೇ ಅದನ್ನು ನಿಲ್ಲಿಸಿಬಿಟ್ಟದ್ದು ಹೆಚ್ಚು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಯುಎಸ್‌ಬಿ ವೆಬ್‌ಕ್ಯಾಮ್, ಸದಾ ಚಾಲೂ ಇರುವ ಒಂದು ಕಂಪ್ಯೂಟರ್, ಚಿತ್ರಗಳನ್ನು ಪರಿಶೀಲಿಸುವ ತಂತ್ರಾಂಶ, ಸುದ್ದಿ ಮುಟ್ಟಿಸಲು ಇಂಟರ್‌ನೆಟ್ ಸಂಪರ್ಕ, ಇಷ್ಟು ಸಾಕು. ವೆಬ್‌ಕ್ಯಾಮ್ ಯುವಿಸಿ ಎಂಬ, ಯುಎಸ್‌ಬಿ ಕ್ಯಾಮೆರಾಗಳಿಗೆ ಸಾಮಾನ್ಯವಾದ ಮಾನಕವನ್ನು ಪಾಲಿಸುವಂಥದ್ದಾದರೆ ಅದನ್ನು ಕಂಪ್ಯೂಟರಿಗೆ ಪರಿಚಯಿಸುವ ಬೇರೆ ಡ್ರೈವರ್ ತಂತ್ರಾಂಶ ಬೇಕಿಲ್ಲ. ಈಚಿನವು ಹೆಚ್ಚುಕಡಿಮೆ ಎಲ್ಲವೂ ಪಾಲಿಸುತ್ತವೆ. ಕಂಪ್ಯೂಟರ್ ಜಾಗಕ್ಕೆ ಕೆಲವರು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಇಡುತ್ತಾರೆ. ನನ್ನ ಒಲವು ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಕಡೆಗೆ. ಅದರಲ್ಲಿ ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಸ್ವಲ್ಪ ಹೊತ್ತು ಬದುಕಿರುತ್ತದೆ. ಬ್ಯಾಟರಿ ಉಬ್ಬಿದೆಯೇ ಎಂದು ಮಾತ್ರ ಆಗಾಗ ನೋಡುತ್ತಿರಬೇಕು, ವರ್ಷಗಟ್ಟಲೆ ಚಾರ್ಜರ್‌ಗೆ ಅಂಟಿಕೊಂಡಿರುವ ಹಳೆಯ ಲಿಥಿಯಂ ಬ್ಯಾಟರಿಗಳಿಗೆ ಆ ಚಾಳಿ ಇದೆ.

ಟಿವಿ ಕ್ಯಾಮೆರಾದಿಂದ ಮನೆ ಕಾಯುವ ಯೋಚನೆ ಹೊಸದಲ್ಲ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ದಾದಿಯಾಗಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅವರು ಪತಿ ಆಲ್ಬರ್ಟ್ ಜೊತೆ ಸೇರಿ 1966ರಲ್ಲಿ ಇಂಥದ್ದೊಂದು ವ್ಯವಸ್ಥೆಗೆ ಪೇಟೆಂಟ್ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಅದು ಸಿಕ್ಕಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರದ ಇಣುಕುಗಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಕೋಣೆಯಲ್ಲಿ ಟಿವಿ ಪರದೆ, ಬಂದವರೊಡನೆ ಮಾತನಾಡುವ ಅನುಕೂಲ, ಎದ್ದು ಹೋಗದೆಯೇ ಬಾಗಿಲ ಚಿಲಕ ತೆಗೆಯುವ ಏರ್ಪಾಡು, ಎಲ್ಲವೂ ಅದರಲ್ಲಿದ್ದವು. ಆದರೆ ಪರದೆಯ ಮುಂದೆ ಒಬ್ಬರು ಕೂರಲೇಬೇಕಿತ್ತು. ಇಂಟರ್‌ನೆಟ್‌ನ ಮೊದಲ ವೆಬ್‌ಕ್ಯಾಮ್ ಎಂದು ಹೆಸರಾದ ಕೇಂಬ್ರಿಜ್‌ನ ಕ್ಯಾಮೆರಾ ಕೂಡ 1991ರಿಂದ ಒಂದು ಕಾಫಿ ಪಾತ್ರೆಯನ್ನು ತೋರಿಸುತ್ತಿತ್ತೇ ಹೊರತು, ಕಾಫಿ ಇದೆಯೇ ಇಲ್ಲವೇ ಎಂಬುದನ್ನು ನೋಡುವವರೇ ತಿಳಿಯಬೇಕಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಆ ಮನುಷ್ಯನ ಜಾಗಕ್ಕೆ ಒಂದು ಲೆಕ್ಕಾಚಾರವನ್ನು ಕೂರಿಸುವುದೇ ನಾವು ಮಾಡಹೊರಟಿರುವ ಕೆಲಸ. ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿದರೆ ಉಳಿದ ಅರ್ಧ ಸಂಗತಿ ತಾನಾಗಿ ತಿಳಿಯುತ್ತದೆ.

ಚಲನೆ ಎಂದರೆ ಕಳೆಯುವ ಲೆಕ್ಕ

640 ಅಡ್ಡ, 480 ಉದ್ದದ ಚಿತ್ರವೊಂದರಲ್ಲಿ 3,07,200 ಚುಕ್ಕಿಗಳಿರುತ್ತವೆ (ಪಿಕ್ಸೆಲ್ ಎಂದರೆ ಈ ಚುಕ್ಕಿಯೇ). ಬಣ್ಣವನ್ನು ಬದಿಗಿಟ್ಟರೆ ಪ್ರತಿ ಚುಕ್ಕಿಯ ಹೊಳಪೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಸೊನ್ನೆ ಎಂದರೆ ಕಡುಗಪ್ಪು, 255 ಎಂದರೆ ಬಿಳುಪು. ತಂತ್ರಾಂಶ ಮಾಡುವುದಿಷ್ಟೇ: ಖಾಲಿ ಕೋಣೆಯ ಒಂದು ಚಿತ್ರವನ್ನು ನೆನಪಿನಲ್ಲಿ ಇಟ್ಟುಕೊಂಡು, ಈಗ ಬಂದ ಚಿತ್ರದ ಪ್ರತಿ ಚುಕ್ಕಿಯಿಂದ ಅದರ ಸಂಖ್ಯೆಯನ್ನು ಕಳೆಯುತ್ತದೆ. ಏನೂ ಬದಲಾಗಿಲ್ಲವಾದರೆ ಉತ್ತರ ಎಲ್ಲೆಡೆ ಸೊನ್ನೆ ಬರಬೇಕು.

ಬರುವುದಿಲ್ಲ. ಗೋಡೆಯ ಮೇಲಿನ ಒಂದು ಚುಕ್ಕಿ ಒಮ್ಮೆ 118 ಎಂದರೆ ಮರುಕ್ಷಣ 121 ಎನ್ನುತ್ತದೆ, ಮತ್ತೆ 116 ಎನ್ನುತ್ತದೆ. ಗೋಡೆ ಅಲುಗಾಡಿಲ್ಲ, ಸೆನ್ಸರ್‌ನ ಸಹಜ ತುಯ್ತ ಅದು, ಬೆಳಕು ಕಡಿಮೆಯಾದಷ್ಟೂ ಜಾಸ್ತಿ. ಆದ್ದರಿಂದ ಇಷ್ಟಕ್ಕಿಂತ ಕಡಿಮೆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂಬ ಮೊದಲ ಗೆರೆ ಎಳೆಯಬೇಕಾಗುತ್ತದೆ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮೋಷನ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಗೆರೆ ಮೂಲತಃ 32ರಲ್ಲಿದೆ. ಅದನ್ನು ದಾಟಿದ ಚುಕ್ಕಿಗಳನ್ನಷ್ಟೇ ಬದಲಾದವು ಎಂದು ಎಣಿಸಲಾಗುತ್ತದೆ. ಎಣಿಕೆ ಎರಡನೆಯ ಗೆರೆಯನ್ನು ದಾಟಿದರೆ ಚಲನೆ ನಡೆದಿದೆ ಎಂದರ್ಥ. ಮೋಷನ್‌ನಲ್ಲಿ ಈ ಎರಡನೆಯ ಮಿತಿ ಮೂಲತಃ 1500, ಅಂದರೆ ಮೇಲಿನ ಅಳತೆಯ ಚಿತ್ರದಲ್ಲಿ ಅರ್ಧ ಶೇಕಡಾಕ್ಕೂ ತುಸು ಕಡಿಮೆ.

ಈ ಎರಡು ಸಂಖ್ಯೆಗಳಲ್ಲಿ ಇಡೀ ವ್ಯವಸ್ಥೆಯ ಹಣೆಬರಹವಿದೆ. ಮೊದಲನೆಯದು ಎಷ್ಟು ಗಾಢವಾದ ಬದಲಾವಣೆ ಎಂದು ಕೇಳುತ್ತದೆ, ಎರಡನೆಯದು ಎಷ್ಟು ದೊಡ್ಡ ಬದಲಾವಣೆ ಎಂದು. ಯಾರು ಬಂದದ್ದು, ಯಾಕೆ ಬಂದದ್ದು ಎಂಬ ಪ್ರಶ್ನೆ ಇವೆರಡಕ್ಕೂ ಗೊತ್ತೇ ಇಲ್ಲ.

ಗೊತ್ತಿಲ್ಲದಿರುವುದರ ಪರಿಣಾಮ ಎಂಥದ್ದೆಂದು ಲೆಕ್ಕ ಹಾಕಿಯೇ ನೋಡಬಹುದು. 60 ಡಿಗ್ರಿ ಅಗಲಕ್ಕೆ ನೋಡುವ ವೆಬ್‌ಕ್ಯಾಮ್ ಒಂದು ಐದು ಮೀಟರ್ ದೂರದಲ್ಲಿ ಸುಮಾರು 5.8 ಮೀಟರ್ ಅಗಲದ ದೃಶ್ಯವನ್ನು ಕಾಣುತ್ತದೆ. 640 ಚುಕ್ಕಿಗಳನ್ನು ಅಷ್ಟಕ್ಕೆ ಹಂಚಿದರೆ ಮೀಟರಿಗೆ 110ರಷ್ಟು. ಅಲ್ಲಿ ನಿಂತ ವಯಸ್ಕ ಮನುಷ್ಯ ಹೆಚ್ಚೆಂದರೆ ಒಂಬತ್ತು ಸಾವಿರ ಚುಕ್ಕಿಗಳ ಜಾಗ ಹಿಡಿಯುತ್ತಾನೆ. 1500ರ ಗೆರೆ ಸಲೀಸಾಗಿ ದಾಟಿತು. ಅದೇ ಮನುಷ್ಯ 15 ಮೀಟರ್ ದೂರದ ಗೇಟಿನ ಬಳಿ ನಿಂತರೆ ಮೀಟರಿಗೆ 37 ಚುಕ್ಕಿ ಮಾತ್ರ, ಅವನ ಪಾಲಿಗೆ ಸಾವಿರದ ಆಸುಪಾಸು. ಗೆರೆ ದಾಟಲಿಲ್ಲ, ಎಚ್ಚರಿಕೆ ಬರಲಿಲ್ಲ. ಇತ್ತ ಮಸೂರದ ಮೇಲೆ ಬಂದು ಕೂತ ಒಂದು ನೊಣ ಹತ್ತಾರು ಸಾವಿರ ಚುಕ್ಕಿಗಳನ್ನು ಮುಚ್ಚಿಹಾಕುತ್ತದೆ. ಮಿತಿಯನ್ನು ಇಳಿಸಿದರೆ ಗೇಟಿನವನೂ ಸಿಕ್ಕುತ್ತಾನೆ, ಜೊತೆಗೆ ಹಾರಾಡುವ ಪ್ರತಿ ಎಲೆಯೂ ಸಿಕ್ಕುತ್ತದೆ.

ಮೆಗಾಪಿಕ್ಸೆಲ್ ಹೆಚ್ಚಿಸಿದರೆ ಇದು ತಾನಾಗಿ ಸರಿಹೋಗುವುದಿಲ್ಲ. ಮೋಷನ್‌ನ ಮಿತಿ ಚುಕ್ಕಿಗಳ ನೇರ ಎಣಿಕೆ, ಶೇಕಡಾವಾರು ಅಲ್ಲ. 1280 ಅಡ್ಡ 720ಕ್ಕೆ ಹೋದಿರಿ ಎಂದರೆ ಒಟ್ಟು ಚುಕ್ಕಿಗಳು ಮೂರು ಪಟ್ಟಾಗುತ್ತವೆ. ಮಿತಿಯನ್ನು ಹಾಗೆಯೇ ಬಿಟ್ಟರೆ ನಿನ್ನೆಯವರೆಗೆ ಸುಮ್ಮನಿದ್ದ ಕಿಟಕಿಯ ಪರದೆ ಇವತ್ತಿನಿಂದ ಕಳ್ಳನಾಗುತ್ತದೆ.

ಸುಳ್ಳು ಎಚ್ಚರಿಕೆಯನ್ನು ಹಿಂಡುವ ಬಗೆಗಳು

ಮೊದಲ ಉಪಾಯ ಕಾಲದ್ದು. ಒಂದೇ ಚಿತ್ರದಲ್ಲಿ ಬದಲಾವಣೆ ಕಂಡರೆ ಸಾಲದು, ಸಾಲಾಗಿ ನಾಲ್ಕೈದು ಚಿತ್ರಗಳಲ್ಲಿ ಕಂಡರೆ ಮಾತ್ರ ಚಲನೆ ಎಂದು ಒಪ್ಪು ಎಂದು ಹೇಳಬಹುದು. ಮಿಂಚು, ಹಾದುಹೋದ ವಾಹನದ ದೀಪ, ಮಸೂರದ ಮುಂದೆ ಸರ್ರನೆ ಹಾರಿದ ಕೀಟ ಇವೆಲ್ಲ ಇಲ್ಲಿ ಉದುರಿಹೋಗುತ್ತವೆ. ನಡೆದು ಬರುವ ಮನುಷ್ಯ ಉದುರುವುದಿಲ್ಲ.

ಎರಡನೆಯದು ಅಕ್ಕಪಕ್ಕದ ಚುಕ್ಕಿಗಳನ್ನು ಕೇಳುವುದು. ಬದಲಾದ ಚುಕ್ಕಿಗಳ ಗುಂಪಿನ ಅಂಚನ್ನು ಒಂದು ಸುತ್ತು ಕೆತ್ತಿ, ಮತ್ತೆ ಒಂದು ಸುತ್ತು ಬೆಳೆಸಿದರೆ, ದೊಡ್ಡ ಗುಂಪು ತನ್ನ ಆಕಾರಕ್ಕೆ ಮರಳುತ್ತದೆ. ಒಂಟಿ ಚುಕ್ಕಿಗಳು ಕೆತ್ತುವಾಗಲೇ ಅಳಿಸಿಹೋಗಿರುವುದರಿಂದ ಅವು ಮರಳಿ ಬೆಳೆಯುವಂತಿಲ್ಲ. ಮಂದ ಬೆಳಕಿನ ತುಯ್ತವನ್ನು ಅಡಗಿಸಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಮೂರನೆಯದು ಮುಸುಕು. ದೃಶ್ಯದ ಅಳತೆಯದೇ ಒಂದು ಕಪ್ಪು ಬಿಳುಪು ಚಿತ್ರ ಬರೆದು, ಕಿಟಕಿಯ ಆಚೆಯ ಮರ ಇರುವ ಕಡೆ, ಫ್ಯಾನ್ ತಿರುಗುವ ಕಡೆ ಕಪ್ಪು ಬಳಿದರೆ ಅಲ್ಲಿ ಏನೇ ಆದರೂ ತಂತ್ರಾಂಶ ಎಣಿಸುವುದಿಲ್ಲ. ಗಮನಿಸಿ, ಎಣಿಸುವುದಿಲ್ಲ ಅಷ್ಟೇ. ಚಿತ್ರದಲ್ಲಿ ಆ ಜಾಗ ದಾಖಲಾಗುತ್ತಲೇ ಇರುತ್ತದೆ. ಪಕ್ಕದ ಮನೆಯ ಕಿಟಕಿ ನಿಮ್ಮ ಚಿತ್ರದಲ್ಲಿ ಬೀಳುತ್ತಿದ್ದರೆ ಈ ಮುಸುಕು ಸಾಕಾಗುವುದಿಲ್ಲ. ದಾಖಲೆಯಿಂದಲೇ ಆ ಭಾಗವನ್ನು ಅಳಿಸುವ ಖಾಸಗಿತನದ ಮುಸುಕು ಬೇರೆಯೇ ಇದೆ, ಅದನ್ನು ಹಾಕಬೇಕು. ಎಷ್ಟೋ ಜನ ಮೊದಲನೆಯದನ್ನು ಹಾಕಿ ಎರಡನೆಯದು ಆಯಿತೆಂದುಕೊಂಡಿರುತ್ತಾರೆ.

ಬೆಳಕಿನ ಕಾಟ ಇವೆಲ್ಲಕ್ಕಿಂತ ಹಟಮಾರಿ. ಮೋಡ ಸರಿದರೆ ಸಾಕು, ಕೋಣೆಯ ಪ್ರತಿ ಚುಕ್ಕಿಯೂ ಬದಲಾಗುತ್ತದೆ. ನಿಧಾನವಾದ ಬದಲಾವಣೆಯನ್ನು ತಂತ್ರಾಂಶ ನುಂಗಿಕೊಳ್ಳಬಲ್ಲದು: ಖಾಲಿ ಕೋಣೆಯ ನೆನಪಿನ ಚಿತ್ರವನ್ನು ಅದು ಸ್ವಲ್ಪ ಸ್ವಲ್ಪವೇ ಹೊಸದು ಮಾಡಿಕೊಳ್ಳುತ್ತಿರುತ್ತದೆ. ಹಾಗಾಗಿಯೇ ಕುರ್ಚಿಯನ್ನು ಜಾಗ ಬದಲಿಸಿ ಇಟ್ಟರೆ ಕೆಲಹೊತ್ತು ಅದು ಆಗಂತುಕ, ಆಮೇಲೆ ಮನೆಯದೇ ಸಾಮಾನು. ಆದರೆ ಸ್ವಿಚ್ ಒತ್ತಿದಾಗಿನ ದಿಢೀರ್ ಬೆಳಕಿಗೆ ಈ ಉಪಾಯ ಸಾಲದು. ಚಿತ್ರದ ಇಷ್ಟು ಶೇಕಡಾ ಒಮ್ಮೆಲೇ ಬದಲಾದರೆ ಅದನ್ನು ದೀಪ ಎಂದು ತಿಳಿದು ಮುಂದಿನ ಕೆಲವು ಚಿತ್ರಗಳನ್ನು ಕಡೆಗಣಿಸು ಎಂಬ ಆಯ್ಕೆ ಮೋಷನ್‌ನಲ್ಲಿದೆ. ಇದನ್ನು ಧಾರಾಳವಾಗಿ ಬಳಸುವವರು ಒಂದು ಸಂಗತಿ ಯೋಚಿಸಿದರೆ ಒಳ್ಳೆಯದು: ಯಾರೂ ಇಲ್ಲದ ಮನೆಯಲ್ಲಿ ದೀಪ ತಾನಾಗಿ ಹತ್ತುವುದಿಲ್ಲ. ಕಡೆಗಣಿಸುವ ಚಿತ್ರಗಳ ಸಂಖ್ಯೆಯನ್ನು ನಾಲ್ಕೈದಕ್ಕೆ ಮಿತಿಗೊಳಿಸಿದರೆ ಅಪಾಯವಿಲ್ಲ. ದೀಪ ಹಾಕಿದವನು ಅರೆಕ್ಷಣದ ಬಳಿಕ ಕದಲಲೇಬೇಕು.

ಇನ್ನು ವೆಬ್‌ಕ್ಯಾಮ್ ತಾನೇ ಸುಳ್ಳು ಹೇಳುವ ಒಂದು ಸಂದರ್ಭವಿದೆ. ಅದು ಬೆಳಕಿಗೆ ತಕ್ಕಂತೆ ಎಕ್ಸ್‌ಪೋಶರ್ (ಚಿತ್ರಕ್ಕೆ ಬೆಳಕು ಕೂಡಿಸುವ ಹೊತ್ತು) ಮತ್ತು ಬಿಳಿಯ ಸಮತೋಲನವನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ತಿದ್ದುವುದು) ಹೊಂದಿಸಿಕೊಳ್ಳುತ್ತಿರುತ್ತದೆ. ವಿಡಿಯೋ ಕರೆಗೆ ಅದು ವರ. ಕಾವಲಿಗೆ ಕಾಟ, ಏಕೆಂದರೆ ಹೊಂದಿಸಿಕೊಂಡಾಗಲೆಲ್ಲ ಇಡೀ ಚಿತ್ರದ ಸಂಖ್ಯೆಗಳು ಜಿಗಿಯುತ್ತವೆ. ಕೋಣೆಯ ಬೆಳಕು ಹೆಚ್ಚು ಏರಿಳಿಯದಿದ್ದರೆ ಇವನ್ನು ಕೈಯಾರೆ ಒಂದು ಹಂತಕ್ಕೆ ಕಟ್ಟಿಹಾಕುವುದು ವಾಸಿ.

ಚುಕ್ಕಿ ಎಣಿಸುವುದರ ಆಚೆಗೆ ಹೋಗಿ, ಚಿತ್ರದಲ್ಲಿ ಇರುವುದು ಮನುಷ್ಯನೇ ಎಂದು ಗುರುತಿಸುವ ತಂತ್ರಾಂಶಗಳೂ ಈಗ ಮನೆಯ ಕಂಪ್ಯೂಟರಿನಲ್ಲಿ ಓಡುತ್ತವೆ. ಫ್ರಿಗೇಟ್ ಎಂಬ ಉಚಿತ ತಂತ್ರಾಂಶದ ರೀತಿ ನನಗೆ ಹಿಡಿಸುತ್ತದೆ. ಅದು ಮೊದಲು ಕಳೆಯುವ ಲೆಕ್ಕವನ್ನೇ ಮಾಡಿ, ಎಲ್ಲಿ ಚಲನೆ ಕಂಡಿತೋ ಆ ತುಣುಕನ್ನು ಮಾತ್ರ ಕತ್ತರಿಸಿ, ಚಿತ್ರಗಳನ್ನು ಗುರುತಿಸಲು ಕಲಿತ ನರಜಾಲದ ಮಾದರಿಗೆ ಒಪ್ಪಿಸುತ್ತದೆ. ದುಬಾರಿ ಲೆಕ್ಕ ಅಗತ್ಯವಿದ್ದಾಗ ಮಾತ್ರ ನಡೆಯುತ್ತದೆ. ಮಾದರಿ ಹೌದು ಅಥವಾ ಇಲ್ಲ ಎನ್ನುವುದಿಲ್ಲ, ಇದು ಮನುಷ್ಯ ಎಂಬುದಕ್ಕೆ 0.72 ಎಂಬಂಥ ಅಂಕ ಕೊಡುತ್ತದೆ. ಎಷ್ಟು ಅಂಕಕ್ಕೆ ಎಬ್ಬಿಸಬೇಕೆಂಬುದು ಪುನಃ ನಿಮ್ಮ ತಲೆಗೇ ಬರುತ್ತದೆ. ಗೆರೆ ಎಳೆಯುವ ಕೆಲಸ ತಪ್ಪಲಿಲ್ಲ, ಜಾಗ ಬದಲಾಯಿತು ಅಷ್ಟೇ. ಬಗ್ಗಿ ತೆವಳುವವನಿಗೂ ಛತ್ರಿ ಅಡ್ಡ ಹಿಡಿದವನಿಗೂ ಈ ಮಾದರಿಗಳು ಕಡಿಮೆ ಅಂಕ ಕೊಡುವ ಸಾಧ್ಯತೆ ಇದೆ. ಆದ್ದರಿಂದ ಇದನ್ನು ಯಾವಾಗ ಎಬ್ಬಿಸಬೇಕು ಎಂಬುದಕ್ಕೆ ಬಳಸಿ, ಯಾವುದನ್ನು ದಾಖಲಿಸಬೇಕು ಎಂಬುದನ್ನು ಹಳೆಯ ಲೆಕ್ಕಕ್ಕೇ ಬಿಡುವುದು ಜಾಣತನ.

ಎಲ್ಲಿ ಇಡುವುದು

ವೆಬ್‌ಕ್ಯಾಮ್ ಹುಟ್ಟಿದ್ದು ಅರ್ಧ ಮೀಟರ್ ದೂರದಲ್ಲಿ, ದೀಪ ಇರುವ ಕೋಣೆಯಲ್ಲಿ ಕೂತ ಒಂದು ಮುಖವನ್ನು ತೋರಿಸಲಿಕ್ಕೆ. ಮಳೆ, ಧೂಳು, ನೇರ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಒಳಗಿಟ್ಟು ಕಿಟಕಿಯ ಗಾಜಿನ ಮೂಲಕ ಹೊರಗೆ ನೋಡಿಸಿದರೆ ಹಗಲು ನಡೆದೀತು. ರಾತ್ರಿ ಒಳಗಿನ ದೀಪ ಗಾಜಿನಲ್ಲಿ ಪ್ರತಿಫಲಿಸಿ ನಿಮ್ಮದೇ ಕೋಣೆ ಕಾಣುತ್ತದೆ. ವೆಬ್‌ಕ್ಯಾಮ್‌ಗೆ ಒಗ್ಗುವ ಕೆಲಸವೆಂದರೆ ಒಳಗಿನಿಂದ ಬಾಗಿಲನ್ನು ಕಾಯುವುದು.

ಎಷ್ಟು ದೂರ ಎಂಬುದಕ್ಕೆ ಅಂದಾಜು ಬೇಕಿಲ್ಲ. ಕಣ್ಗಾವಲು ಕ್ಯಾಮೆರಾಗಳ ಯುರೋಪಿಯನ್ ಮಾನಕವೊಂದರ 2015ರ ಆವೃತ್ತಿ ಅಪರಿಚಿತ ವ್ಯಕ್ತಿಯನ್ನು ಅನುಮಾನಕ್ಕೆಡೆಯಿಲ್ಲದೆ ಗುರುತಿಸಲು ಅವನು ನಿಂತ ಜಾಗದಲ್ಲಿ ಮೀಟರಿಗೆ 250 ಚುಕ್ಕಿ ಬೇಕು ಎನ್ನುತ್ತದೆ. ಪರಿಚಯದವರೇ ಎಂದು ತಿಳಿಯಲು 125, ಯಾರೋ ಇದ್ದಾರೆ ಎಂದು ಕಾಣಲು 25 ಸಾಕು. 640 ಚುಕ್ಕಿ ಅಗಲದ ಚಿತ್ರದಲ್ಲಿ ಗುರುತು ಸಿಗಬೇಕೆಂದರೆ ದೃಶ್ಯದ ಅಗಲ ಎರಡೂವರೆ ಮೀಟರ್ ದಾಟುವಂತಿಲ್ಲ. 60 ಡಿಗ್ರಿಯ ಮಸೂರದಲ್ಲಿ ಇದು ಎರಡು ಮೀಟರ್ ಚಿಲ್ಲರೆ ದೂರ. 1920 ಚುಕ್ಕಿ ಅಗಲದ ಕ್ಯಾಮೆರಾದಲ್ಲಿ ಆರೂವರೆ ಮೀಟರ್. ಮೆಗಾಪಿಕ್ಸೆಲ್‌ಗೆ ಬೆಲೆ ಬರುವುದು ಇಲ್ಲಿ, ಮತ್ತು ಇಲ್ಲಿ ಮಾತ್ರ. ಇಡೀ ಅಂಗಳವನ್ನು ಒಂದೇ ಚಿತ್ರದಲ್ಲಿ ತುಂಬಿಸಿಕೊಳ್ಳುವ ಆಸೆ ಬಿಟ್ಟು, ಒಳಗೆ ಬರುವ ಯಾರೇ ಆಗಲಿ ಹಾಯಲೇಬೇಕಾದ ಒಂದು ಕಿರಿದಾದ ಜಾಗವನ್ನು ಆರಿಸಿಕೊಳ್ಳಿ: ಬಾಗಿಲ ಚೌಕಟ್ಟು, ಮೆಟ್ಟಿಲ ತಲೆ, ಹಜಾರದ ತಿರುವು.

ಎತ್ತರ ಮುಖದ ಮಟ್ಟಕ್ಕಿಂತ ತುಸು ಮೇಲಿರಲಿ. ಚಾವಣಿಗೆ ಅಂಟಿಸಿದರೆ ಕ್ಯಾಮೆರಾ ಭದ್ರ, ಸಿಗುವುದು ಟೋಪಿ ಮತ್ತು ನೆತ್ತಿ. ತೆರೆದ ಬಾಗಿಲಿಗೆ ನೇರ ಮುಖ ಮಾಡಿದರೆ ಹೊರಗಿನ ಬೆಳಕು ಹಿಂದಿನಿಂದ ಬಿದ್ದು ಬಂದವನು ಕಪ್ಪು ನೆರಳಾಗುತ್ತಾನೆ. ಒಂದು ಬದಿಗೆ ಸರಿಸಿ ಓರೆಯಾಗಿ ನೋಡಿಸಬೇಕು. ಯುಎಸ್‌ಬಿ 2.0 ಕೇಬಲ್‌ಗೆ ಐದು ಮೀಟರ್ ಮಿತಿ ಇದೆ ಎಂಬುದು ನೆನಪಿರಲಿ, ಅದಕ್ಕಿಂತ ಉದ್ದ ಎಳೆದರೆ ಕ್ಯಾಮೆರಾ ಆಗಾಗ ಮಾಯವಾಗುವ ತಲೆನೋವು ಶುರುವಾಗುತ್ತದೆ.

ರಾತ್ರಿಯ ಮಾತು

ಕತ್ತಲಲ್ಲಿ ವೆಬ್‌ಕ್ಯಾಮ್ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ. ಒಂದು ಚಿತ್ರಕ್ಕೆ ಸೆಕೆಂಡಿನ ಹದಿನೈದನೇ ಒಂದು ಭಾಗ ಎಂದುಕೊಳ್ಳಿ. ಸಾಮಾನ್ಯ ನಡಿಗೆ ಸೆಕೆಂಡಿಗೆ 1.4 ಮೀಟರ್. ಚಿತ್ರ ಮುಗಿಯುವಷ್ಟರಲ್ಲಿ ಆ ಮನುಷ್ಯ ಒಂಬತ್ತು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ, ಅಂದರೆ ಅರ್ಧ ಮುಖಕ್ಕಿಂತ ಹೆಚ್ಚು. ನಿಮಗೆ ಸಿಗುವುದು ಒರೆಸಿದ ಬಣ್ಣ. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಇದನ್ನು ತಿದ್ದಲಾಗದು.

ಕಾವಲಿಗೆಂದೇ ಮಾಡಿದ ಕ್ಯಾಮೆರಾಗಳು ರಾತ್ರಿ ಅತಿಗೆಂಪು ಬೆಳಕಿನಲ್ಲಿ ನೋಡುತ್ತವೆ. ವೆಬ್‌ಕ್ಯಾಮ್‌ನ ಸೆನ್ಸರ್‌ಗೂ ಆ ಶಕ್ತಿ ಇದೆ, ಆದರೆ ಹಗಲಿನ ಬಣ್ಣ ಕೆಡದಿರಲೆಂದು ಮಸೂರದ ಹಿಂದೆ ಅತಿಗೆಂಪನ್ನು ತಡೆಯುವ ಶೋಧಕ ಗಾಜೊಂದನ್ನು ಕೂರಿಸಿರುತ್ತಾರೆ. ಕಾವಲು ಕ್ಯಾಮೆರಾಗಳಲ್ಲಿ ಈ ಗಾಜು ಸಂಜೆಯಾದ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಅವುಗಳಿಂದ ಮುಸ್ಸಂಜೆಗೆ ಬರುವ ಸಣ್ಣ ಟಿಕ್ ಸದ್ದು ಅದರದ್ದೇ. ವೆಬ್‌ಕ್ಯಾಮ್ ಬಿಚ್ಚಿ ಗಾಜನ್ನು ಕಿತ್ತವರಿದ್ದಾರೆ. ಕಿತ್ತ ಮೇಲೆ 850 ಅಥವಾ 940 ನ್ಯಾನೋಮೀಟರ್ ತರಂಗಾಂತರದ ಎಲ್‌ಇಡಿ ಹಚ್ಚಿದರೆ ಕತ್ತಲಲ್ಲೂ ಚಿತ್ರ ಬರುತ್ತದೆ. 850ರವು ಮಂದ ಕೆಂಪಾಗಿ ಕಣ್ಣಿಗೆ ಕಾಣುತ್ತವೆ, 940ರವು ಕಾಣುವುದಿಲ್ಲ, ಆದರೆ ಅವಕ್ಕೆ ಸೆನ್ಸರ್ ಸ್ಪಂದಿಸುವುದು ಕಡಿಮೆ. ಗಾಜು ಕಿತ್ತ ಕ್ಯಾಮೆರಾದಲ್ಲಿ ಹಗಲಿನ ಬಣ್ಣಗಳೆಲ್ಲ ಹಾಳು. ಇಷ್ಟೆಲ್ಲ ಸರ್ಕಸ್ಸಿಗಿಂತ ಹಜಾರದಲ್ಲಿ ಒಂದು ಸಣ್ಣ ದೀಪವನ್ನು ರಾತ್ರಿಯಿಡೀ ಉರಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ರಾತ್ರಿಗೆ ಮತ್ತೊಬ್ಬ ಸಾಕ್ಷಿ ಬೇಕೆನಿಸಿದರೆ ಪಿಐಆರ್ ಸೆನ್ಸರ್ ಇದೆ. ಅದು ಚಿತ್ರ ನೋಡುವುದಿಲ್ಲ, ಮೈಯ ಕಾವನ್ನು ಗ್ರಹಿಸುತ್ತದೆ. ಒಳಗೆ ಎರಡು ಗ್ರಾಹಕಗಳು ಒಂದಕ್ಕೊಂದು ಎದುರಾಗಿ ಜೋಡಣೆಯಾಗಿರುತ್ತವೆ. ಇಡೀ ಕೋಣೆ ಬಿಸಿಯಾದರೆ ಎರಡೂ ಸಮನಾಗಿ ಏರಿ ಒಂದನ್ನೊಂದು ರದ್ದುಮಾಡುತ್ತವೆ. ಮನುಷ್ಯ ಅಡ್ಡ ಹಾದಾಗ ಒಂದು ಮೊದಲು, ಇನ್ನೊಂದು ಆಮೇಲೆ ಏರುವುದರಿಂದ ಸಂಕೇತ ಹುಟ್ಟುತ್ತದೆ. ಆದ್ದರಿಂದಲೇ ಅಡ್ಡ ನಡೆಯುವವನನ್ನು ಅದು ಬೇಗ ಹಿಡಿಯುತ್ತದೆ, ನೇರ ಅದರತ್ತಲೇ ಬರುವವನನ್ನು ತಡವಾಗಿ. ಸುತ್ತಲಿನ ಸೆಕೆ ಮೈಬಿಸಿಯ ಹತ್ತಿರ ಬಂದಾಗ ಅದರ ಚುರುಕು ಕುಂದುತ್ತದೆ. ಕಿಟಕಿಯ ಗಾಜು ಈ ದೀರ್ಘ ಅತಿಗೆಂಪು ಕಿರಣಗಳನ್ನು ಬಿಡುವುದಿಲ್ಲ. ಹೊರಗಿನ ಮರಕ್ಕೆ ಕ್ಯಾಮೆರಾ ಬೆದರಬಹುದು, ಪಿಐಆರ್ ಬೆದರುವುದಿಲ್ಲ. ಎರಡೂ ಒಪ್ಪಿದಾಗ ಮಾತ್ರ ಮೊಬೈಲ್ ಬಾರಿಸು ಎಂದು ನಿಯಮ ಹಾಕಿದರೆ ಸುಳ್ಳು ಎಚ್ಚರಿಕೆಗಳು ಗಣನೀಯವಾಗಿ ತಗ್ಗುತ್ತವೆ. ರಾಸ್ಪ್‌ಬೆರಿ ಪೈಗೆ ಇದನ್ನು ಮೂರು ತಂತಿಗಳಲ್ಲಿ ಜೋಡಿಸಬಹುದು. ಲ್ಯಾಪ್‌ಟಾಪ್ ಸೋಲುವುದು ಇಲ್ಲೊಂದು ಕಡೆ.

ದಾಖಲೆ, ಮತ್ತು ಅದು ಇರಬೇಕಾದ ಜಾಗ

ಚಲನೆ ಕಂಡ ಮೇಲೆ ದಾಖಲಿಸಲು ಶುರುಮಾಡಿದರೆ ಬಾಗಿಲು ತೆರೆದ ಕ್ಷಣ ತಪ್ಪಿಹೋಗಿ ಬೆನ್ನಷ್ಟೇ ಸಿಗುತ್ತದೆ. ಕೊನೆಯ ಕೆಲವು ಸೆಕೆಂಡುಗಳ ಚಿತ್ರಗಳನ್ನು ತಂತ್ರಾಂಶ ಸದಾ ಮೆಮೊರಿಯಲ್ಲಿ ತಿರುಗಿಸುತ್ತಿರುವಂತೆ ಮಾಡಿ, ಚಲನೆ ಕಂಡಾಗ ಅವನ್ನೂ ಮುಂದಕ್ಕೆ ಸೇರಿಸಿಕೊಳ್ಳುವಂತೆ ಹೇಳಬೇಕು. ಹಾಗೆಯೇ ಚಲನೆ ನಿಂತೊಡನೆ ಘಟನೆ ಮುಗಿಯಿತೆಂದು ತಿಳಿಯಬಾರದು; ಮೋಷನ್ ಮೂಲತಃ 60 ಸೆಕೆಂಡು ಕಾಯುತ್ತದೆ. ಇಲ್ಲವಾದರೆ ಒಬ್ಬ ಮನುಷ್ಯ ನಿಂತು ನಿಂತು ನಡೆದಾಗ ಇಪ್ಪತ್ತು ತುಣುಕು ವಿಡಿಯೋ, ಇಪ್ಪತ್ತು ಎಚ್ಚರಿಕೆ.

ಜಾಗದ ಲೆಕ್ಕ ಸರಳ. ಸೆಕೆಂಡಿಗೆ ಎರಡು ಮೆಗಾಬಿಟ್‌ನ ವಿಡಿಯೋ ನಿಲ್ಲದೆ ಓಡಿದರೆ ದಿನಕ್ಕೆ 21.6 ಗಿಗಾಬೈಟ್. ಚಲನೆ ಇದ್ದಾಗ ಮಾತ್ರ, ದಿನಕ್ಕೆ ಒಟ್ಟು ಇಪ್ಪತ್ತು ನಿಮಿಷ ಎಂದರೆ 300 ಮೆಗಾಬೈಟ್. ಮೆಮೊರಿ ಕಾರ್ಡ್‌ಗಳು ಸತತ ಬರವಣಿಗೆಯಿಂದ ಸವೆಯುತ್ತವಾದ್ದರಿಂದ ಎರಡನೆಯ ದಾರಿಯೇ ಅವುಗಳ ಆಯಸ್ಸಿಗೂ ಒಳ್ಳೆಯದು. ಕೇಬಲ್‌ನಲ್ಲೂ ಇಂಥದೇ ಒಂದು ಲೆಕ್ಕ ಅಡಗಿದೆ. 1920 ಅಡ್ಡ 1080ರ ಚಿತ್ರಗಳನ್ನು ಕುಗ್ಗಿಸದೆ ಸೆಕೆಂಡಿಗೆ 30ರಂತೆ ಕಳಿಸಲು ಹತ್ತಿರಹತ್ತಿರ ಸಾವಿರ ಮೆಗಾಬಿಟ್ ಬೇಕು, ಯುಎಸ್‌ಬಿ 2.0 ಕಾಗದದ ಮೇಲೆ ಹೊರುವುದೇ 480. ಅದಕ್ಕಾಗಿ ವೆಬ್‌ಕ್ಯಾಮ್ ತಾನೇ ಪ್ರತಿ ಚಿತ್ರವನ್ನೂ ಜೆಪೆಗ್ ಆಗಿ ಕುಗ್ಗಿಸಿ ಕೊಡುವ ಎಂಜೆಪೆಗ್ ಬಗೆಯನ್ನು ಆರಿಸಬೇಕು, ಎರಡು ಕ್ಯಾಮೆರಾ ಒಂದೇ ಹಬ್‌ನಲ್ಲಿದ್ದರಂತೂ ಅನಿವಾರ್ಯ. ಸೆಕೆಂಡಿಗೆ 30 ಚಿತ್ರ ಕಾವಲಿಗೆ ಬೇಕೂ ಇಲ್ಲ. ಐದರಿಂದ ಹತ್ತು ಸಾಕು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತಾಗುವುದು ದಾಖಲೆ ಇದ್ದ ಕಂಪ್ಯೂಟರನ್ನೇ ಕಳ್ಳ ಎತ್ತಿಕೊಂಡು ಹೋದಾಗ. ಸಾಕ್ಷ್ಯ ಮನೆಯಿಂದ ಹೊರಗೆ ಹೋಗಬೇಕು, ಅದೂ ತಕ್ಷಣ. ಇಲ್ಲಿ ಕ್ರಮ ಮುಖ್ಯ. ಮನೆಯಿಂದ ಹೊರಹೋಗುವ ವೇಗ ಸೆಕೆಂಡಿಗೆ ಒಂದು ಮೆಗಾಬಿಟ್ ಎಂದುಕೊಂಡರೆ ನೂರು ಕಿಲೋಬೈಟ್‌ನ ಒಂದು ಚಿತ್ರ ಒಂದು ಸೆಕೆಂಡಿನೊಳಗೆ ಹೋಗುತ್ತದೆ. ಅರ್ಧ ನಿಮಿಷದ ವಿಡಿಯೋಗೆ ಪೂರ್ತಿ ಒಂದು ನಿಮಿಷ ಬೇಕು. ಒಂದು ನಿಮಿಷದಲ್ಲಿ ಪ್ಲಗ್ ಕೀಳಬಹುದು. ಮೊದಲು ಒಂದೆರಡು ಚಿತ್ರ, ಆಮೇಲೆ ವಿಡಿಯೋ. ಘಟನೆ ಶುರುವಾದಾಗ ನಿಮ್ಮದೇ ಒಂದು ಸಣ್ಣ ಆಜ್ಞೆಯನ್ನು ಓಡಿಸುವ ಅವಕಾಶ ಮೋಷನ್‌ನಲ್ಲಿದೆ. ಟೆಲಿಗ್ರಾಂ ಬಾಟ್ (ತಾನಾಗಿ ಸಂದೇಶ ಕಳಿಸುವ ಖಾತೆ) ಮೂಲಕವೋ ಇಮೇಲ್ ಮೂಲಕವೋ ಚಿತ್ರವನ್ನು ಕಳಿಸುವ ನಾಲ್ಕೈದು ಸಾಲು ಅಲ್ಲಿ ಸೇರಿಸಿದರೆ ಆಯಿತು. ಕಂಪ್ಯೂಟರಿನ ಗಡಿಯಾರ ಇಂಟರ್‌ನೆಟ್ ಸಮಯಕ್ಕೆ ಹೊಂದಿಕೊಂಡಿರಲಿ, ಹೊತ್ತು ತಪ್ಪಿದ ದಾಖಲೆಯನ್ನು ಆಮೇಲೆ ಯಾರೂ ನಂಬುವುದಿಲ್ಲ.

ಬೇಲಿಯೇ ಹೊಲ ಮೇಯದಂತೆ

ಮನೆಯ ಒಳಗನ್ನು ತೋರಿಸುವ ಕ್ಯಾಮೆರಾವನ್ನು ಇಂಟರ್‌ನೆಟ್‌ಗೆ ಜೋಡಿಸುವುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲೋಕದಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್ ಮತ್ತು ರೂಟರ್‌ಗಳನ್ನು ವಶಮಾಡಿಕೊಂಡಿತು. ಅದರ ಬಳಿ ಇದ್ದ ಆಯುಧ ಕಾರ್ಖಾನೆಯಿಂದಲೇ ಬಂದ ಅರವತ್ತರಷ್ಟು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಅಕ್ಟೋಬರ್ 21ರಂದು ಈ ಪಡೆ ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಸಂಸ್ಥೆಯ ಮೇಲೆ ಮುಗಿಬಿದ್ದದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ಕಾಯಲು ಇಟ್ಟ ಕಣ್ಣುಗಳೇ ದಾಳಿಗೆ ಇಳಿದಿದ್ದವು.

ವೆಬ್‌ಕ್ಯಾಮ್‌ಗೆ ಸ್ವಂತ ನೆಟ್‌ವರ್ಕ್ ಇಲ್ಲದಿರುವುದು ಇಲ್ಲಿ ಒಂದು ಅನುಕೂಲ. ಅದು ಕಂಪ್ಯೂಟರಿಗೆ ಅಂಟಿಕೊಂಡದ್ದು, ಬಾಗಿಲು ಇರುವುದು ಕಂಪ್ಯೂಟರಿಗೆ ಮಾತ್ರ. ಮೋಷನ್ ತನ್ನ ನೇರಪ್ರಸಾರವನ್ನು ಮೂಲತಃ ಅದೇ ಯಂತ್ರಕ್ಕೆ ಸೀಮಿತಗೊಳಿಸಿರುತ್ತದೆ. ಹೊರಗಿನಿಂದ ನೋಡಬೇಕೆಂಬ ಅವಸರದಲ್ಲಿ ಈ ಕಟ್ಟನ್ನು ಬಿಚ್ಚಿ, ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ಕಿಂಡಿಯನ್ನು ತೆರೆದು ಬಿಡುವುದು ಸಾಮಾನ್ಯ ತಪ್ಪು. ತೆರೆದ ಪೋರ್ಟ್‌ಗಳನ್ನು ಹುಡುಕುವುದಕ್ಕೆಂದೇ ಇಡೀ ಇಂಟರ್‌ನೆಟ್ಟನ್ನು ಜಾಲಾಡುವ ಶೋಧಯಂತ್ರಗಳಿವೆ. ಸರಿಯಾದ ದಾರಿ ಎಂದರೆ ಮನೆಗೆ ಒಂದು ವಿಪಿಎನ್ (ಇಂಟರ್‌ನೆಟ್‌ನೊಳಗೆ ನಿಮಗಷ್ಟೇ ತೆರೆಯುವ ಗುಪ್ತ ಸುರಂಗ) ಹಾಕಿಕೊಂಡು ಅದರೊಳಗಿನಿಂದ ನೋಡುವುದು. ವೈರ್‌ಗಾರ್ಡ್ ಎಂಬ ವಿಪಿಎನ್ 2020ರಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಸೇರಿದೆ; ಸರಿಯಾದ ಕೀಲಿ ಇಲ್ಲದವರ ಕರೆಗೆ ಅದು ಉತ್ತರವನ್ನೇ ಕೊಡದಿರುವುದರಿಂದ ಹೊರಗಿನವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೂ ತಿಳಿಯುವುದಿಲ್ಲ. ಇನ್ನೂ ಸುಲಭದ ದಾರಿ ನೇರಪ್ರಸಾರವನ್ನೇ ಬಿಟ್ಟುಬಿಡುವುದು. ಎಚ್ಚರಿಕೆಯ ಜೊತೆ ಚಿತ್ರ ಹೊರಗೆ ಹೋಗುತ್ತದೆಯಾದರೆ ಒಳಗೆ ಬರುವ ಬಾಗಿಲು ಏಕೆ ಬೇಕು?

ಖಾಸಗಿತನದ ಪ್ರಶ್ನೆ ಮನೆಯೊಳಗೂ ಇದೆ. ಕ್ಯಾಮೆರಾ ಇದೆ ಎಂಬುದು ಮನೆಯವರಿಗೆ, ಕೆಲಸಕ್ಕೆ ಬರುವವರಿಗೆ, ಅತಿಥಿಗಳಿಗೆ ಗೊತ್ತಿರಬೇಕು. ಮನೆಯಲ್ಲಿ ಜನ ಇರುವಾಗ ಅದು ನಿಲ್ಲುವಂತೆ ಹೊಂದಿಸುವುದು ಸುಲಭ. ಮನೆಯವರ ಮೊಬೈಲ್‌ಗಳು ವೈಫೈಗೆ ಸೇರಿಕೊಂಡಾಗ ದಾಖಲೆ ನಿಲ್ಲಿಸು ಎಂಬ ಒಂದು ನಿಯಮ ಸಾಕು, ಸುಳ್ಳು ಎಚ್ಚರಿಕೆಯೂ ತಗ್ಗುತ್ತದೆ. ಹೊರಗಿನ ರಸ್ತೆ ಚಿತ್ರದಲ್ಲಿ ಬೀಳುತ್ತಿದ್ದರೆ ಕಾನೂನು ಮಧ್ಯೆ ಬರುತ್ತದೆ. ಸಾರ್ವಜನಿಕ ಜಾಗವನ್ನು ಸೆರೆಹಿಡಿಯುವ ಮನೆಯ ಕ್ಯಾಮೆರಾಕ್ಕೆ ಖಾಸಗಿ ಬಳಕೆಯ ವಿನಾಯಿತಿ ಸಿಗುವುದಿಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲೇ ಹೇಳಿದೆ. ಧ್ವನಿ ದಾಖಲಿಸುವುದಕ್ಕೆ ಹಲವು ಕಡೆ ಚಿತ್ರಕ್ಕಿಂತ ಬಿಗಿಯಾದ ನಿಯಮಗಳಿವೆ; ಮೈಕ್ ಅನ್ನು ಬಂದ್ ಮಾಡಿಡುವುದು ಕ್ಷೇಮ.

ಮೌನದ ಅರ್ಥ

ವ್ಯವಸ್ಥೆ ಹತ್ತು ದಿನ ಸುಮ್ಮನಿದೆ ಎಂದರೆ ಮನೆಯಲ್ಲಿ ಏನೂ ಆಗಿಲ್ಲ ಎಂದಿರಬಹುದು. ಹತ್ತು ದಿನದ ಹಿಂದೆ ಕೇಬಲ್ ಸಡಿಲವಾಗಿದೆ ಎಂದೂ ಇರಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಇದಕ್ಕಾಗಿ ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ, ಆ ಕ್ಷಣದ ಒಂದು ಚಿತ್ರವನ್ನು ಕಳಿಸುವಂತೆ ಹೊಂದಿಸಬೇಕು. ಬರೀ ಸಂದೇಶ ಸಾಲದು. ಕಂಪ್ಯೂಟರ್ ಬದುಕಿದ್ದು ಕ್ಯಾಮೆರಾ ಸತ್ತಿರಬಹುದು, ಕ್ಯಾಮೆರಾ ಬದುಕಿದ್ದು ಗೋಡೆಗೆ ಮುಖ ತಿರುಗಿಸಿರಬಹುದು. ಚಿತ್ರ ಬರಬೇಕಾದ ಹೊತ್ತಿಗೆ ಬರಲಿಲ್ಲವೆಂದರೆ ಅದೇ ಒಂದು ಎಚ್ಚರಿಕೆ. ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಎದ್ದು ತಂತ್ರಾಂಶವನ್ನು ಶುರುಮಾಡುವಂತೆ ಹೊಂದಿಸಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದು ರೂಟರ್‌ಗೆ ಇಲ್ಲದಿದ್ದರೆ ಕತ್ತಲಲ್ಲಿ ಅದು ಎಲ್ಲವನ್ನೂ ನೋಡಿ ಯಾರಿಗೂ ಹೇಳಲಾರದು, ಹಾಗಾಗಿ ರೂಟರ್‌ಗೂ ಒಂದು ಸಣ್ಣ ಯುಪಿಎಸ್ ಬೇಕು.

ಕೊನೆಯ ಕೆಲಸ ಕಳ್ಳನ ಪಾತ್ರ ಮಾಡುವುದು. ಹಗಲು ಒಮ್ಮೆ, ಮುಸ್ಸಂಜೆಗೆ ಒಮ್ಮೆ, ದೀಪ ಆರಿಸಿ ಒಮ್ಮೆ ಬಾಗಿಲಿನಿಂದ ಒಳಗೆ ನಡೆದು ಬನ್ನಿ. ನಿಧಾನವಾಗಿ, ಗೋಡೆಗೆ ಒತ್ತಿಕೊಂಡು, ಗೋಡೆಯ ಬಣ್ಣದ್ದೇ ಅಂಗಿ ತೊಟ್ಟು, ಬಗ್ಗಿ. ಗೋಡೆಗೂ ಅಂಗಿಗೂ ಹೊಳಪಿನ ವ್ಯತ್ಯಾಸ 32ರೊಳಗಿದ್ದರೆ ನಿಮ್ಮ ಮುಂಡವೇ ಲೆಕ್ಕದಿಂದ ಮಾಯವಾಗಿ ತಲೆ, ಕೈ ಮಾತ್ರ ಎಣಿಕೆಗೆ ಸಿಗುವುದನ್ನು ಪರದೆಯ ಮೇಲೆ ನೋಡಬಹುದು. ಬದಲಾದ ಚುಕ್ಕಿಗಳನ್ನಷ್ಟೇ ತೋರಿಸುವ ಬಗೆ ಮೋಷನ್‌ನಲ್ಲಿದೆ, ಎಣಿಕೆಯೂ ಮೂಲೆಯಲ್ಲಿ ಓಡುತ್ತಿರುತ್ತದೆ. ಅತಿ ಮಂಕಾದ ನಡಿಗೆಗೆ ಸಿಕ್ಕ ಎಣಿಕೆ ಎಷ್ಟು, ಮನೆಯ ಬೆಕ್ಕು ದಾಟಿದಾಗಿನ ಎಣಿಕೆ ಎಷ್ಟು ಎಂದು ಬರೆದುಕೊಳ್ಳಿ. ಎರಡರ ನಡುವೆ ಅಂತರವಿದ್ದರೆ ಮಿತಿಯನ್ನು ಅಲ್ಲಿಡಿ. ಅಂತರವೇ ಇಲ್ಲದಿದ್ದರೆ ಸಂಖ್ಯೆಯನ್ನು ತಿರುಚುತ್ತ ಕೂರಬೇಡಿ; ಕ್ಯಾಮೆರಾವನ್ನು ಬೇರೆಡೆಗೆ ಸರಿಸಿ, ಇಲ್ಲವೇ ದೀಪ ಸೇರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದಾಗಲೆಲ್ಲ ಮತ್ತೆ ನಡೆದು ನೋಡಿ.